ರೇಟಿಂಗ್ ನೋಡಿ ಮನೆ ಹಿಡಿಯುವ ಮುಂಚೆ

ಅಕ್ಕ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಸುತ್ತಿ ಬಳಸಿ ಹೇಳುವುದಿಲ್ಲ. ನಿಮ್ಮ ಪ್ರಶ್ನೆ ಇಷ್ಟು. ಮೈಸೂರಿನಿಂದ ನ್ಯೂಜೆರ್ಸಿಗೆ ಬರುತ್ತಿದ್ದೀರಿ, ಆಫೀಸು ಜೆರ್ಸಿ ಸಿಟಿಯಲ್ಲಿ, ಮಗಳು ಮೂರನೇ ಕ್ಲಾಸಿಗೆ ಸೇರಬೇಕು, ಮಗನಿಗೆ ನಾಲ್ಕು ವರ್ಷ. ಆಫೀಸಿನವರೆಲ್ಲ ‘ವೆಬ್‌ಸೈಟುಗಳು ಶಾಲೆಗೆ ಹತ್ತಕ್ಕೆ ಒಂಬತ್ತು-ಹತ್ತು ರೇಟಿಂಗ್ ಕೊಟ್ಟ ಕಡೆಯೇ ಮನೆ ಹಿಡಿಯಿರಿ, ಜೆರ್ಸಿ ಸಿಟಿ ಶಾಲೆ ಬೇಡವೇ ಬೇಡ’ ಅಂದಿದ್ದಾರೆ. ಇನ್ನೊಂದು ಕಡೆ ಅಮೆರಿಕದ ಸರ್ಕಾರಿ ಶಾಲೆಗಳೇ ಕೆಟ್ಟು ಹೋಗಿವೆ ಅಂತ ಯೂಟ್ಯೂಬ್‌ನಲ್ಲಿ ನೋಡಿ ಗಾಬರಿಯಾಗಿದ್ದೀರಿ. ಯಾರನ್ನು ನಂಬಬೇಕು ಅಂತ ಕೇಳಿದ್ದೀರಿ.

ಇಬ್ಬರನ್ನೂ ಪೂರ್ತಿ ನಂಬಬೇಡಿ. ನನ್ನ ಇಬ್ಬರು ಮಕ್ಕಳೂ ಇಲ್ಲಿನ ಪಬ್ಲಿಕ್ ಸ್ಕೂಲಿನಲ್ಲೇ, ಅಂದರೆ ಸರ್ಕಾರಿ ಶಾಲೆಯಲ್ಲೇ ಓದಿದವರು. ಇಲ್ಲಿ ಡಾಕ್ಟರ ಮಗನೂ ಬಸ್ ಡ್ರೈವರ ಮಗಳೂ ಹೋಗುವುದು ಪಬ್ಲಿಕ್ ಸ್ಕೂಲಿಗೇ. ಫೀಸು ಇಲ್ಲ, ಡೊನೇಷನ್ ಇಲ್ಲ, ಎಲ್‌ಕೆಜಿ ಸೀಟಿಗೆ ಅಪ್ಪ-ಅಮ್ಮನ ಇಂಟರ್‌ವ್ಯೂ ಇಲ್ಲ. ಆದರೆ ಇಬ್ಬರೂ ಒಂದೇ ಶಾಲೆಗೆ ಹೋಗುವುದಿಲ್ಲ, ಮನೆ ಯಾವ ಊರಿನಲ್ಲೋ ಶಾಲೆಯೂ ಆ ಊರಿನದೇ. ಎಲ್ಲ ತೊಂದರೆಯೂ ಅಲ್ಲೇ ಶುರುವಾಗುವುದು.

ನಮ್ಮಲ್ಲಿ ಬೆಂಗಳೂರಿನಿಂದ ಹಳ್ಳಿಯವರೆಗೆ ಒಂದೇ ಇಲಾಖೆ, ಡಿಡಿಪಿಐ, ಬಿಇಓ, ಒಂದೇ ಪಠ್ಯಪುಸ್ತಕ. ಇಲ್ಲಿ ಹಾಗಿಲ್ಲ. ಊರಿಗೊಂದು ಸ್ಕೂಲ್ ಡಿಸ್ಟ್ರಿಕ್ಟ್, ಅದಕ್ಕೊಂದು ಚುನಾಯಿತ ಬೋರ್ಡ್, ಅದರದ್ದೇ ಬಜೆಟ್. ದೇಶದಲ್ಲಿ ಇಂಥವು ಸುಮಾರು 13 ಸಾವಿರ ಇವೆ. ಕರ್ನಾಟಕದ ಎಂಟನೇ ಒಂದು ಭಾಗದಷ್ಟೂ ವಿಸ್ತೀರ್ಣ ಇಲ್ಲದ ನ್ಯೂಜೆರ್ಸಿ ಒಂದರಲ್ಲೇ ಹೆಚ್ಚು ಕಡಿಮೆ 600. ಶಾಲೆಗೆ ಬರುವ ದುಡ್ಡಿನಲ್ಲಿ ವಾಷಿಂಗ್‌ಟನ್ನಿನ ಪಾಲು ಹತ್ತನೇ ಒಂದು ಭಾಗದ ಆಸುಪಾಸು ಅಷ್ಟೇ. ಹಾಗಾಗಿಯೇ 2025ರ ಮಾರ್ಚ್‌ನಲ್ಲಿ ಟ್ರಂಪ್ ಕೇಂದ್ರದ ಶಿಕ್ಷಣ ಇಲಾಖೆಯನ್ನೇ ಮುಚ್ಚುವ ಆದೇಶಕ್ಕೆ ಸಹಿ ಹಾಕಿದಾಗ ಊರಿನಿಂದ ನನಗೆ ಫೋನ್ ಮೇಲೆ ಫೋನ್ ಬಂದರೂ ಇಲ್ಲಿ ಮರುದಿನ ಶಾಲೆಯ ಬಸ್ಸು ಎಂದಿನಂತೆ ಬಂತು. ಹಾಗಂತ ಅದು ಸಣ್ಣ ವಿಷಯ ಅಲ್ಲ. ಬಡ ಮಕ್ಕಳು ಜಾಸ್ತಿ ಇರುವ ಶಾಲೆಗಳಿಗೆ, ವಿಶೇಷ ಅಗತ್ಯವಿರುವ ಮಕ್ಕಳಿಗೆ ಹೋಗುವ ದುಡ್ಡು ಆ ಹತ್ತನೇ ಒಂದು ಭಾಗದಲ್ಲೇ ಇರುವುದು.

ಮಿಕ್ಕಿದ್ದು ರಾಜ್ಯ ಮತ್ತು ಊರು ಕೊಡಬೇಕು. ಊರು ಅಂದರೆ ಮನೆ ಕಂದಾಯ. ನ್ಯೂಜೆರ್ಸಿಯಲ್ಲಿ ಒಂದು ಮನೆಗೆ ಸರಾಸರಿ ವರ್ಷಕ್ಕೆ ಸುಮಾರು 10 ಸಾವಿರ ಡಾಲರ್ ಕಂದಾಯ, ಅದರಲ್ಲಿ ಅರ್ಧಕ್ಕಿಂತ ತುಸು ಜಾಸ್ತಿ ಶಾಲೆಗೇ ಹೋಗುತ್ತದೆ. ಬಾಡಿಗೆದಾರರು ನಮಗೇನು ಅಂದುಕೊಳ್ಳಬೇಡಿ, ಮಾಲೀಕ ಅದನ್ನು ಬಾಡಿಗೆಯಲ್ಲೇ ಸೇರಿಸಿರುತ್ತಾನೆ. ಮನೆ ಬೆಲೆ ಜಾಸ್ತಿ ಇರುವ ಊರಿಗೆ ಸುಲಭವಾಗಿ ದುಡ್ಡು ಹುಟ್ಟುತ್ತದೆ, ಆ ದುಡ್ಡಿನಿಂದ ಶಾಲೆ ಚೆನ್ನಾಗಿರುತ್ತದೆ, ಶಾಲೆ ಚೆನ್ನಾಗಿದೆ ಅಂತ ಇನ್ನಷ್ಟು ಜನ ಬಂದು ಮನೆ ಬೆಲೆ ಏರಿಸುತ್ತಾರೆ. ಹಾಗೆ ಬಂದು ಏರಿಸಿದವರಲ್ಲಿ ನಾವು ದೇಸಿಗಳು ಮುಂದಿನ ಸಾಲಿನಲ್ಲೇ ಇದ್ದೇವೆ, ಅದನ್ನು ಮುಚ್ಚಿಡುವುದು ಬೇಡ.

ಇದು ಅನ್ಯಾಯ ಅಂತ ಇಲ್ಲಿನವರಿಗೂ ಗೊತ್ತು. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದ ಬಡ ಬಡಾವಣೆಯ ಪೋಷಕರು ಸುಪ್ರೀಂ ಕೋರ್ಟ್‌ವರೆಗೂ ಹೋದರು. 1973ರ ಮಾರ್ಚ್‌ನಲ್ಲಿ 5-4ರ ತೀರ್ಪು ಬಂತು: ಶಿಕ್ಷಣ ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ. ಆ ಬಾಗಿಲು ಅಲ್ಲಿಗೆ ಮುಚ್ಚಿತು. ಆದರೆ ಎರಡೇ ವಾರದಲ್ಲಿ ನ್ಯೂಜೆರ್ಸಿಯ ಕೋರ್ಟು ತನ್ನ ರಾಜ್ಯದ ಸಂವಿಧಾನ ಹಿಡಿದುಕೊಂಡು ಬೇರೆಯೇ ಮಾತು ಹೇಳಿತು. ಎಲ್ಲ ಮಕ್ಕಳಿಗೂ ಸಮರ್ಪಕ ಶಿಕ್ಷಣ ಕೊಡುವುದು ರಾಜ್ಯದ ಹೊಣೆ, ಬರೀ ಮನೆ ಕಂದಾಯ ನಂಬಿಕೊಂಡರೆ ಆಗದು, ದುಡ್ಡಿನ ದಾರಿ ನೋಡಿ ಅಂತ. ಶಾಸಕರು ಮೂರು ವರ್ಷ ಎಳೆದಾಡಿದರು. 1976ರ ಜುಲೈನಲ್ಲಿ ಕೋರ್ಟು ರಾಜ್ಯದ ಪಬ್ಲಿಕ್ ಶಾಲೆಗಳಿಗೆಲ್ಲ ಬೀಗ ಹಾಕಿಸಿತು! ಬೇಸಿಗೆ ರಜೆ, ನಿಜ, ಆದರೂ ಬೇಸಿಗೆ ತರಗತಿಗಳೆಲ್ಲ ನಿಂತವು. ಸುಮಾರು ಒಂದು ವಾರದಲ್ಲಿ ಶಾಸಕರು ಮೊದಲ ಬಾರಿಗೆ ರಾಜ್ಯದ ಆದಾಯ ತೆರಿಗೆ ಪಾಸು ಮಾಡಿದರು. ನಿಮ್ಮ ಮೊದಲ ಸಂಬಳದ ಚೀಟಿಯಲ್ಲಿ ನ್ಯೂಜೆರ್ಸಿ ತೆರಿಗೆ ಅಂತ ಒಂದು ಸಾಲು ಕಾಣುತ್ತದಲ್ಲ, ಅದು ಹುಟ್ಟಿದ್ದು ಹೀಗೆ.

ಅಷ್ಟಕ್ಕೂ ಮುಗಿಯಲಿಲ್ಲ. 1981ರಲ್ಲಿ ಬಡ ಊರುಗಳ ಮಕ್ಕಳ ಪರವಾಗಿ ಇನ್ನೊಂದು ಮೊಕದ್ದಮೆ ಬಿತ್ತು, ಅದೇ ಆಬಟ್ ಕೇಸು. ಬಡ ಡಿಸ್ಟ್ರಿಕ್ಟ್‌ಗಳಿಗೂ ಸಿರಿವಂತ ಊರುಗಳಷ್ಟೇ ದುಡ್ಡು ಸಿಗಬೇಕು ಅಂತ 1990ರಲ್ಲಿ ತೀರ್ಪು ಬಂತು. 1998ರಲ್ಲಿ ಕೋರ್ಟು ಇನ್ನೂ ಮುಂದೆ ಹೋಗಿ, ಈ ಊರುಗಳಲ್ಲಿ ಮೂರು ಮತ್ತು ನಾಲ್ಕು ವರ್ಷದ ಮಕ್ಕಳಿಗೆ ಉಚಿತ ಪ್ರೀಸ್ಕೂಲ್ ನಡೆಸಲೇಬೇಕು ಅಂದಿತು. ಇವತ್ತು ಆಬಟ್ ಡಿಸ್ಟ್ರಿಕ್ಟ್ ಅಂತ ಕರೆಸಿಕೊಳ್ಳುವ ಊರುಗಳು 31. ಅದರಲ್ಲಿ ಒಂದು ಯಾವುದು ಗೊತ್ತಾ? ನಿಮ್ಮ ಆಫೀಸಿನವರು ಬೇಡವೇ ಬೇಡ ಅಂದ ಜೆರ್ಸಿ ಸಿಟಿ.

ಈಗ ಲೆಕ್ಕ ಹಾಕಿ. ಜೆರ್ಸಿ ಸಿಟಿಯಲ್ಲಿ ನಿಮ್ಮ ಮಗನಿಗೆ ಪೂರ್ತಿ ದಿನದ ಪ್ರೀಸ್ಕೂಲ್ ಉಚಿತ. ರೇಟಿಂಗ್ ಹತ್ತರ ಊರಿಗೆ ಹೋದರೆ ಹೆಚ್ಚಿನ ಕಡೆ ಅದೇ ವಯಸ್ಸಿಗೆ ಖಾಸಗಿ ಡೇಕೇರ್ ಹುಡುಕಬೇಕು, ತಿಂಗಳಿಗೆ ಸಾವಿರಗಟ್ಟಲೆ ಡಾಲರ್ ತೆರಬೇಕು, ಮೇಲೆ ರೈಲಿನಲ್ಲೋ ಬಸ್ಸಿನಲ್ಲೋ ಆಫೀಸಿಗೆ ಓಡಬೇಕು. ಮನೆ ಪಕ್ಕದ ಪ್ರೀಸ್ಕೂಲಿನಲ್ಲೇ ಸೀಟು ಸಿಗುತ್ತದೆ ಅನ್ನುವ ಗ್ಯಾರಂಟಿ ಇಲ್ಲ, ಬೇಗ ಅರ್ಜಿ ಹಾಕಬೇಕು, ವಯಸ್ಸಿನ ಕಟ್ ಆಫ್ ದಿನಾಂಕ ನೋಡಿಕೊಳ್ಳಬೇಕು. ಆದರೂ ಇದನ್ನು ನಿಮಗೆ ಯಾರೂ ಹೇಳಿರಲಿಲ್ಲ, ಅಲ್ವಾ? ಬಂದ ಒಂದೆರಡು ವರ್ಷ ಜೆರ್ಸಿ ಸಿಟಿಯ ಜರ್ನಲ್ ಸ್ಕ್ವೇರ್ ಸುತ್ತಮುತ್ತ ಇದ್ದು, ಮಗ ಕಿಂಡರ್‌ಗಾರ್ಟನ್ ಸೇರುವ ಹೊತ್ತಿಗೆ ಯೋಚನೆ ಮಾಡಿದರೆ ಏನೂ ಮುಳುಗಿಹೋಗುವುದಿಲ್ಲ.

ರೇಟಿಂಗ್ ಬಗ್ಗೆ ಎರಡು ಮಾತು. ಆ ವೆಬ್‌ಸೈಟುಗಳ ಅಂಕಿಯ ಹಿಂದೆ ಮುಖ್ಯವಾಗಿ ಇರುವುದು ಪರೀಕ್ಷೆಯ ಅಂಕ. ಅಂಕ ಬಹಳ ಮಟ್ಟಿಗೆ ಅಪ್ಪ-ಅಮ್ಮನ ಓದು, ಆದಾಯದ ಜೊತೆಗೇ ಹೋಗುತ್ತದೆ. ಇಂಜಿನಿಯರುಗಳೇ ತುಂಬಿರುವ ಊರಿನಲ್ಲಿ ಶಾಲೆ ಸುಮ್ನೆ ಬಾಗಿಲು ತೆರೆದಿಟ್ಟರೂ ಒಂಬತ್ತು ಬರುತ್ತದೆ. ನಿಮಗೆ ಬೇಕಾದ್ದು, ಅಲ್ಲಿ ಒಂದು ವರ್ಷ ಕೂತ ಮಗು ಎಷ್ಟು ಮುಂದೆ ಹೋಯಿತು ಅನ್ನುವುದು. ರಾಜ್ಯ ಪ್ರತಿ ಶಾಲೆಗೂ ಒಂದು ಪರ್ಫಾರ್ಮೆನ್ಸ್ ರಿಪೋರ್ಟ್ ಹಾಕುತ್ತದೆ, ಅದರಲ್ಲಿ ‘ಗ್ರೋತ್’ ಅನ್ನುವ ಭಾಗ ಓದಿ. ಗೈರುಹಾಜರಿಯ ಅಂಕಿಯನ್ನೂ ನೋಡಿ.

ಗೈರುಹಾಜರಿ ಅಂದ ಮೇಲೆ ಒಂದು ಎಚ್ಚರಿಕೆ. ವರ್ಷಕ್ಕೆ ಸುಮಾರು 180 ದಿನ ಶಾಲೆ. ಅದರಲ್ಲಿ ಶೇ. 10ರಷ್ಟು, ಅಂದರೆ 18 ದಿನ ತಪ್ಪಿದರೆ ಆ ಮಗುವನ್ನು ದೀರ್ಘಕಾಲದ ಗೈರು ಅಂತ ಲೆಕ್ಕ ಹಾಕುತ್ತಾರೆ. ಕೋವಿಡ್‌ಗೆ ಮುಂಚೆ ದೇಶದಲ್ಲಿ ಇಂಥ ಮಕ್ಕಳು ಶೇ. 15ರಷ್ಟಿದ್ದರು, 2021-22ರಲ್ಲಿ ಶೇ. 28ರ ಹತ್ತಿರ ಹೋಯಿತು, ಇನ್ನೂ ಹಳೆಯ ಮಟ್ಟಕ್ಕೆ ಇಳಿದಿಲ್ಲ. ಹಾಗಾಗಿ ಶಾಲೆಗಳು ಈಗ ಇದನ್ನು ಗಂಭೀರವಾಗಿ ನೋಡುತ್ತವೆ. ಡಿಸೆಂಬರ್‌ನಲ್ಲಿ ಹೋಗಿ ಸಂಕ್ರಾಂತಿ ಮುಗಿಸಿಕೊಂಡು ಬರುವ ನಮ್ಮ ಅಭ್ಯಾಸ ಅವರ ಪಟ್ಟಿಯಲ್ಲಿ ನೇರ ಗೈರು. ಕೆಲವು ಕಡೆ ಹೆಸರು ತೆಗೆದು, ವಾಪಸ್ ಬಂದ ಮೇಲೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಊರಿಗೆ ಹೋಗುವುದಿದ್ದರೆ ಜುಲೈ-ಆಗಸ್ಟ್‌ನಲ್ಲೇ ಹೋಗಿ, ಟಿಕೆಟ್ ದುಬಾರಿ ಅನ್ನುವುದು ನನಗೂ ಗೊತ್ತು.

ಯೂಟ್ಯೂಬ್‌ನವರ ‘ಎಲ್ಲ ಕೆಟ್ಟಿದೆ’ ಅನ್ನುವ ಮಾತಿಗೆ ಬರೋಣ. ಸುಧಾರಣೆ ಮಾಡಿಲ್ಲ ಅಂತಲ್ಲ, ಮಾಡಿ ಮಾಡಿ ಸುಸ್ತಾಗಿದ್ದಾರೆ. 2002ರಲ್ಲಿ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾನೂನು 2014ರ ಹೊತ್ತಿಗೆ ದೇಶದ ಪ್ರತಿಯೊಂದು ಮಗುವೂ ಓದು, ಲೆಕ್ಕದಲ್ಲಿ ಪಾಸಾಗಬೇಕು ಅಂದಿತು. ನೂರಕ್ಕೆ ನೂರು! ಮೂರರಿಂದ ಎಂಟನೇ ಕ್ಲಾಸಿನವರೆಗೆ ವರ್ಷವರ್ಷವೂ ಪರೀಕ್ಷೆ, ಅಂಕ ಬರದಿದ್ದರೆ ಶಾಲೆಗೇ ಶಿಕ್ಷೆ. ಚಿತ್ರಕಲೆ, ಇತಿಹಾಸ, ಆಟದ ಹೊತ್ತು ಎಲ್ಲ ಸವೆಯಿತು. ಅಟ್ಲಾಂಟಾದಲ್ಲಂತೂ ಮೇಷ್ಟ್ರುಗಳೇ ಕೂತು ಮಕ್ಕಳ ಉತ್ತರ ತಿದ್ದಿದರು. 2011ರ ತನಿಖೆಯಲ್ಲಿ 44 ಶಾಲೆ, 178 ಮಂದಿಯ ಹೆಸರು ಬಂತು, ಕೆಲವರಿಗೆ ಜೈಲು ಶಿಕ್ಷೆಯೂ ಆಯಿತು. 2015ರಲ್ಲಿ ಆ ಕಾನೂನನ್ನು ಬದಲಿಸಿ ಅಧಿಕಾರವನ್ನು ರಾಜ್ಯಗಳಿಗೆ ವಾಪಸ್ ಕೊಟ್ಟರು. ಪರೀಕ್ಷೆ ಮಾತ್ರ ಉಳಿಯಿತು, ನಿಮ್ಮ ಮಗಳೂ ಈ ವರ್ಷವೇ ಬರೆಯುತ್ತಾಳೆ.

ನಮ್ಮ ಪಕ್ಕದ ನ್ಯೂವರ್ಕ್ ಕಥೆ ಇನ್ನೊಂದು. ಅಲ್ಲಿನ ಶಾಲೆಗಳನ್ನು 1995ರಲ್ಲಿ ರಾಜ್ಯವೇ ವಶಕ್ಕೆ ತೆಗೆದುಕೊಂಡಿತ್ತು. 2010ರಲ್ಲಿ ಫೇಸ್‌ಬುಕ್‌ನ ಜುಕರ್‌ಬರ್ಗ್ ಓಪ್ರಾ ಟಿವಿ ಶೋನಲ್ಲಿ ಕೂತು 10 ಕೋಟಿ ಡಾಲರ್ ಕೊಡುತ್ತೇನೆ ಅಂದರು, ಮೇಯರ್ ಕೋರಿ ಬುಕರ್, ಗವರ್ನರ್ ಕ್ರಿಸ್ ಕ್ರಿಸ್ಟಿ ಅಕ್ಕಪಕ್ಕ. ಬೇರೆ ದಾನಿಗಳದ್ದು ಸೇರಿ 20 ಕೋಟಿ ಆಯಿತು. ಚಾರ್ಟರ್ ಶಾಲೆಗಳು, ಅಂದರೆ ಸರ್ಕಾರದ ದುಡ್ಡಿನಲ್ಲೇ ನಡೆದರೂ ಡಿಸ್ಟ್ರಿಕ್ಟಿನ ಹಿಡಿತದಲ್ಲಿಲ್ಲದ ಶಾಲೆಗಳು, ಬೆಳೆದವು. ಕೆಲವು ಹಳೆಯ ಶಾಲೆ ಮುಚ್ಚಿದವು, ಕನ್ಸಲ್ಟೆಂಟುಗಳು ಚೆನ್ನಾಗಿ ಸಂಪಾದಿಸಿದರು. ಊರಿನವರನ್ನು ಒಂದು ಮಾತು ಕೇಳಿರಲಿಲ್ಲ, ಹಾಗಾಗಿ ಜನ ಬೀದಿಗಿಳಿದರು. ಕೊನೆಗೆ ಅಧ್ಯಯನ ಮಾಡಿದವರು ಹೇಳಿದ್ದು, ಇಂಗ್ಲಿಷ್‌ನಲ್ಲಿ ಮಕ್ಕಳ ಪ್ರಗತಿ ಸುಧಾರಿಸಿತು, ಲೆಕ್ಕದಲ್ಲಿ ಹೇಳಿಕೊಳ್ಳುವಂಥದ್ದು ಆಗಲಿಲ್ಲ. ಪೂರ್ತಿ ವ್ಯರ್ಥ ಅನ್ನುವುದೂ ತಪ್ಪು, ಪವಾಡ ಅನ್ನುವುದೂ ತಪ್ಪು.

ನನಗೆ ನಿಜವಾಗಿ ಭರವಸೆ ಕೊಟ್ಟಿದ್ದು ಮಿಸಿಸಿಪ್ಪಿ. ದೇಶದ ತೀರಾ ಬಡ ರಾಜ್ಯ. 2013ರಲ್ಲಿ ಕಾನೂನು ಮಾಡಿ, ಓದಲು ಬರದಿದ್ದರೆ ಮೂರನೇ ಕ್ಲಾಸಿನಿಂದ ಮುಂದಕ್ಕಿಲ್ಲ ಅಂದರು. ಹಾಗಂದು ಸುಮ್ಮನಾಗದೆ ಮೇಷ್ಟ್ರುಗಳಿಗೆ ತರಬೇತಿ, ಶಾಲೆಗಳಿಗೆ ಓದಿನ ಕೋಚ್‌ಗಳನ್ನು ಕೊಟ್ಟರು. ಆಗ ನಾಲ್ಕನೇ ಕ್ಲಾಸಿನ ಓದಿನಲ್ಲಿ 49ನೇ ಸ್ಥಾನ, 2024ರಲ್ಲಿ 9ನೇ ಸ್ಥಾನ. ಹಿಂದುಳಿದವರನ್ನು ಅಲ್ಲೇ ಕೂರಿಸಿದ್ದಕ್ಕೆ ಅಂಕ ಏರಿತು ಅಂತ ತಕರಾರು ಮಾಡುವವರೂ ಇದ್ದಾರೆ. ಆದರೆ ಅದೇ 2024ರಲ್ಲಿ ದೇಶದ ನಾಲ್ಕನೇ ಕ್ಲಾಸಿನ ಮಕ್ಕಳಲ್ಲಿ ಶೇ. 40ರಷ್ಟು ಓದಿನಲ್ಲಿ ಕನಿಷ್ಠ ಮಟ್ಟವನ್ನೂ ಮುಟ್ಟಲಿಲ್ಲ, ಅದನ್ನು ನೆನಪಿಡಿ. ಎಷ್ಟೋ ಶಾಲೆಗಳಲ್ಲಿ ವರ್ಷಗಟ್ಟಲೆ ಚಿತ್ರ ನೋಡಿ ಪದ ಊಹಿಸು ಅಂತ ಕಲಿಸುತ್ತಿದ್ದರು, ಈಗ ರಾಜ್ಯದ ಮೇಲೆ ರಾಜ್ಯ ಅಕ್ಷರಕ್ಕೆ ಸದ್ದು ಕೂಡಿಸಿ ಓದುವ ಫೋನಿಕ್ಸ್‌ಗೆ ಮರಳುತ್ತಿದೆ. ಕಾಗುಣಿತ ತಿದ್ದಿ ಬೆಳೆದ ನಮಗೆ ಈ ಜಗಳವೇ ವಿಚಿತ್ರ ಅನಿಸುತ್ತದೆ. ಮಗಳ ಟೀಚರ್ ಹೇಗೆ ಓದಿಸುತ್ತಾರೆ ಅಂತ ಮೊದಲ ಭೇಟಿಯಲ್ಲೇ ಕೇಳಿ, ಕೇಳಿದರೆ ಇಲ್ಲಿ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಸೇರಿಸುವಾಗ ‘ಮನೆಯಲ್ಲಿ ಯಾವ ಭಾಷೆ’ ಅಂತ ಒಂದು ಫಾರಂ ಕೊಡುತ್ತಾರೆ. ಕನ್ನಡ ಅಂತ ಬರೆದರೆ ಮಗಳಿಗೆ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ ಅಂತ ಹೆದರಿ ಎಷ್ಟೋ ಜನ ಇಂಗ್ಲಿಷ್ ಅಂತ ಬರೆಯುತ್ತಾರೆ. ಕನ್ನಡ ಅಂತಲೇ ಬರೆಯಿರಿ. ಚೀನೀ ಮಕ್ಕಳ ಪರವಾಗಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೋದ ಕೇಸಿನಲ್ಲಿ 1974ರಲ್ಲಿ ಸುಪ್ರೀಂ ಕೋರ್ಟ್, ಇಂಗ್ಲಿಷ್ ಬರದ ಮಕ್ಕಳಿಗೆ ಶಾಲೆಯೇ ಸಹಾಯ ಮಾಡಬೇಕು ಅಂದಿತು, ಆ ಸವಲತ್ತಿನ ಬಾಗಿಲು ಈ ಫಾರಂ. ಅವಳಿಗೆ ಇಂಗ್ಲಿಷ್ ಚೆನ್ನಾಗಿ ಬಂದರೆ ಪರೀಕ್ಷೆ ಪಾಸಾಗಿ ಹೊರಬರುತ್ತಾಳೆ. ಇಲ್ಲದಿದ್ದರೆ ಉಚಿತವಾಗಿ ಸಹಾಯ ಸಿಗುತ್ತದೆ.

ಇನ್ನು ಆ ಹತ್ತು ರೇಟಿಂಗಿನ ಊರುಗಳು. ವೆಸ್ಟ್ ವಿಂಡ್ಸರ್-ಪ್ಲೇನ್ಸ್‌ಬರೋ ಡಿಸ್ಟ್ರಿಕ್ಟ್ ಹೆಸರು ನೀವೇ ಬರೆದಿದ್ದೀರಿ. 2015ರಲ್ಲಿ ಅಲ್ಲಿನ ಸೂಪರಿಂಟೆಂಡೆಂಟ್, ಅಂದರೆ ಡಿಸ್ಟ್ರಿಕ್ಟಿನ ಶಾಲೆಗಳ ಮುಖ್ಯಸ್ಥರು, ಮಕ್ಕಳು ಒತ್ತಡದಲ್ಲಿ ನಲುಗುತ್ತಿದ್ದಾರೆ ಅಂತ ಪೋಷಕರಿಗೆ 16 ಪುಟದ ಪತ್ರ ಬರೆದರು. ಹೈಸ್ಕೂಲಿನ ಮಿಡ್‌ಟರ್ಮ್, ಫೈನಲ್ ಪರೀಕ್ಷೆ ತೆಗೆದರು, ಹೋಮ್‌ವರ್ಕ್ ಇಲ್ಲದ ರಾತ್ರಿಗಳನ್ನು ತಂದರು. ಊರು ಎರಡಾಯಿತು. ‘ಓದಿನ ಮಟ್ಟ ಇಳಿಸುತ್ತಿದ್ದಾರೆ’ ಅಂತ ಕೂಗಾಡಿದವರಲ್ಲಿ ಏಷ್ಯಾದಿಂದ ಬಂದ ಪೋಷಕರೇ ಜಾಸ್ತಿ. ನನಗೆ ಅವರ ಭಯ ಅರ್ಥವಾಗುತ್ತದೆ, ಪರೀಕ್ಷೆ ಬರೆದೇ ಇಲ್ಲಿಗೆ ಬಂದವರಲ್ಲವೇ ನಾವು. ಆದರೆ ಶನಿವಾರ ಮ್ಯಾಥ್ ಕ್ಲಾಸು, ಭಾನುವಾರ ಚೆಸ್ಸು, ಸಂಜೆ ಸ್ಪೆಲ್ಲಿಂಗ್ ಬೀ ಅಂತ ಮೂರನೇ ಕ್ಲಾಸಿನ ಮಗುವನ್ನು ಓಡಿಸುವ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅದಕ್ಕೆ ದಯವಿಟ್ಟು ಮೊದಲ ವರ್ಷವೇ ಇಳಿಯಬೇಡಿ.

ಒಂದು ವಿಷಯ ಮುಂಚೆಯೇ ತಿಳಿದಿರಲಿ. ಮಗಳು ಒಂದು ದಿನ ಬಂದು, ಇವತ್ತು ಲೈಟ್ ಆರಿಸಿ ಮೂಲೆಯಲ್ಲಿ ಸದ್ದಿಲ್ಲದೆ ಕೂತಿದ್ದೆವು ಅನ್ನುತ್ತಾಳೆ. ಅದು ಲಾಕ್‌ಡೌನ್ ಡ್ರಿಲ್, ಬಂದೂಕು ಹಿಡಿದವನು ಒಳಗೆ ಬಂದರೆ ಏನು ಮಾಡಬೇಕು ಅನ್ನುವ ಅಭ್ಯಾಸ. ಇದಕ್ಕೆ ನನ್ನ ಹತ್ತಿರ ಸಮಾಧಾನದ ಮಾತಿಲ್ಲ.

ಕಡೆಗೆ ಕಾಗದ ಪತ್ರ. ಬಾಡಿಗೆ ಕರಾರು, ಕರೆಂಟ್ ಬಿಲ್, ಜನನ ಪ್ರಮಾಣಪತ್ರ, ಹಳೆಯ ಶಾಲೆಯ ಅಂಕಪಟ್ಟಿ, ಟಿಸಿ. ಎಲ್ಲಕ್ಕಿಂತ ಮುಖ್ಯ ಲಸಿಕೆ ಕಾರ್ಡು, ಮೈಸೂರಿನಲ್ಲೇ ಡಾಕ್ಟರ ಹತ್ತಿರ ಇಂಗ್ಲಿಷ್‌ನಲ್ಲಿ ಬರೆಸಿ ಸೀಲು ಹಾಕಿಸಿಕೊಳ್ಳಿ. ನಿಮ್ಮ ವೀಸಾ ಯಾವುದು ಅಂತ ಕೇಳಿ ಶಾಲೆಗೆ ಸೇರಿಸುವುದನ್ನು ತಡೆಯುವ ಹಾಗಿಲ್ಲ, 1982ರ ಸುಪ್ರೀಂ ಕೋರ್ಟ್ ತೀರ್ಪು ಇದೆ. ಆದರೆ ವಿಳಾಸದ ವಿಷಯದಲ್ಲಿ ಆಟ ಆಡಬೇಡಿ. ಜೆರ್ಸಿ ಸಿಟಿಯಲ್ಲಿದ್ದುಕೊಂಡು ಎಡಿಸನ್ ಊರಿನಲ್ಲಿರುವ ಗೆಳೆಯನ ವಿಳಾಸ ಕೊಡೋಣ ಅಂತ ಯಾರಾದರೂ ಐಡಿಯಾ ಕೊಟ್ಟೇ ಕೊಡುತ್ತಾರೆ. ಡಿಸ್ಟ್ರಿಕ್ಟಿನವರು ಮನೆ ಹತ್ತಿರ ಜನ ಬಿಟ್ಟು ಪತ್ತೆ ಮಾಡಿಸುತ್ತಾರೆ, ಸಿಕ್ಕಿಬಿದ್ದರೆ ಅಷ್ಟೂ ದಿನದ ಫೀಸು ವಸೂಲಿ ಮಾಡುತ್ತಾರೆ. ಒಹಾಯೋದಲ್ಲಿ ಒಬ್ಬ ತಾಯಿ ಹೀಗೆ ತಂದೆಯ ಮನೆ ವಿಳಾಸ ಕೊಟ್ಟಿದ್ದಕ್ಕೆ 2011ರಲ್ಲಿ ಒಂಬತ್ತು ದಿನ ಜೈಲಿನಲ್ಲಿದ್ದಳು. ಶಾಲೆ ಶುರುವಾಗುವುದು ಸೆಪ್ಟೆಂಬರ್ ಮೊದಲ ವಾರ, ಆಗಸ್ಟ್ ಮಧ್ಯದೊಳಗೆ ರಿಜಿಸ್ಟ್ರೇಷನ್ ಮುಗಿಸಿಕೊಳ್ಳಿ. ಮನೆ ಯಾವ ಏರಿಯಾದಲ್ಲಿ ನೋಡುತ್ತಿದ್ದೀರಿ ಅಂತ ಬರೆಯಿರಿ, ಅಲ್ಲಿನ ಶಾಲೆಯ ರಿಪೋರ್ಟ್ ಒಟ್ಟಿಗೆ ಕೂತು ನೋಡೋಣ.