ಹಂಪಿಯ ರಣ ಬಿಸಿಲಲ್ಲಿ ಅಷ್ಟು ದೊಡ್ಡ ಊರು ಹೇಗೆ ಬಾಳಿತು?

ಏಪ್ರಿಲ್‌ನಲ್ಲಿ ಹಂಪಿ ನೋಡಲು ಹೋಗಿ ಬೆಂದುಹೋದೆ, ಇಂಥ ಕಡೆ ರಾಜಧಾನಿ ಯಾಕೆ ಕಟ್ಟಿದರು, ಜನ ಹೇಗಿದ್ದರು ಅಂತ ಕೇಳಿದ್ದೀರಿ. ನಾನು ಹೊಸಪೇಟೆಯವನು, ನಿಮ್ಮ ಸಂಕಟ ಗೊತ್ತು. ವಿರೂಪಾಕ್ಷನ ಗುಡಿಗೆ ಚಪ್ಪಲಿ ಬಿಟ್ಟು ಹೋಗಬೇಕಲ್ವಾ? ಮಧ್ಯಾಹ್ನ ಆ ಅಂಗಳದಲ್ಲಿ ಯಾರೂ ನಡೆಯುವುದಿಲ್ಲ, ಕುಣಿಯುತ್ತಾರೆ. ಏಪ್ರಿಲ್, ಮೇ ಬಂದರೆ 40 ಡಿಗ್ರಿ ಆಸುಪಾಸು. ಸಾಲದ್ದಕ್ಕೆ ಸುತ್ತಲೂ ಬಂಡೆ. ಹೊತ್ತು ಮುಳುಗಿದ ಮೇಲೂ ಒರಗಿ ಕೂತರೆ ಬೆನ್ನು ಬಿಸಿಯಾಗುತ್ತದೆ.

ಮಳೆಯೂ ಕಮ್ಮಿ. ಮುಂಗಾರು ಸಹ್ಯಾದ್ರಿಯಲ್ಲೇ ಸುರಿದು ಬರಿಗೈಯಲ್ಲಿ ನಮ್ಮ ಕಡೆ ಬರುತ್ತದೆ. ಆದರೆ ಅದೇ ಮಲೆನಾಡಿನ ಮಳೆ ತುಂಗಭದ್ರೆಯಾಗಿ ಮನೆ ಬಾಗಿಲಿಗೆ ಬರುತ್ತದೆ ನೋಡಿ! ಇಲ್ಲಿ ಹನಿ ಬೀಳದಿದ್ದರೂ ಶಿವಮೊಗ್ಗ ಕಡೆ ಜೋರಾದರೆ ಹಂಪಿಯಲ್ಲಿ ಹೊಳೆ ದಂಡೆಯ ಪುರಂದರ ಮಂಟಪ ಮುಳುಗುತ್ತದೆ. ಈಗ ನಡುವೆ ಡ್ಯಾಮ್ ಇದೆ, ಗೇಟ್ ತೆಗೆದಾಗಷ್ಟೇ ಮುಳುಗುವುದು. ಆಗ ಅದೂ ಇರಲಿಲ್ಲ.

ವಿಜಯನಗರದವರು ಬದುಕಿದ್ದು ಈ ಹೊಳೆಯನ್ನು ನಂಬಿ. ಹೊಳೆಗೆ ಅಲ್ಲಲ್ಲಿ ಒಡ್ಡು ಹಾಕಿ ಕಾಲುವೆ ತಿರುಗಿಸಿದರು. ಅರಮನೆ ಆವರಣದಲ್ಲಿ ಕಂಬಗಳ ಮೇಲೆ ನೀರು ಹರಿಯುವ ಕಲ್ಲಿನ ದೋಣಿ ಸಾಲಾಗಿ ಹೋಗಿದೆ, ಪುಷ್ಕರಣಿಗೆ ನೀರು ಬರುತ್ತಿದ್ದದ್ದು ಅದರಲ್ಲೇ. ಜನ ಫೋಟೋ ಹೊಡೆಯುವುದು ಪುಷ್ಕರಣಿಗೆ, ನನಗೆ ಮಾತ್ರ ಆ ದೋಣಿಯೇ ದೊಡ್ಡದು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪೇಸ್, ಕೃಷ್ಣದೇವರಾಯ ಕೆರೆ ಕಟ್ಟಿಸುವುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರಂತೆ. ಆ ಕೆರೆ ಎರಡು ಮೂರು ಸಲ ಒಡೆದೂ ಹೋಗಿತ್ತು.

ಮಹಾನವಮಿ ಅಷ್ಟು ಜೋರಾಗಿ ನಡೆಯುತ್ತಿದ್ದದ್ದರಲ್ಲೂ ಹವಾಮಾನದ ಕೈ ಇದೆ ಅನ್ನಿಸುತ್ತದೆ. ಮಳೆಗಾಲ ಮುಗಿಯಬೇಕು, ಹೊಳೆ ಇಳಿಯಬೇಕು, ದಾರಿ ಒಣಗಬೇಕು. ಆಮೇಲೇ ದಂಡು ಹೊರಡುವುದು. ಹಬ್ಬದಲ್ಲೇ ರಾಯರು ಸೈನ್ಯವನ್ನು ನಿಲ್ಲಿಸಿ ನೋಡುತ್ತಿದ್ದರು.

ಊರು 1565ರಲ್ಲಿ ಹಾಳಾಯಿತು, ಕಾಲುವೆಗಳು ಹಾಳಾಗಲಿಲ್ಲ. ಕಮಲಾಪುರದಿಂದ ಹಂಪಿಗೆ ಹೋಗುವಾಗ ಹಸಿರು ಬಾಳೆ ತೋಟ ಕಂಡಿರುತ್ತೀರಿ. ಅದಕ್ಕೆ ನೀರು ತುರ್ತು ಕಾಲುವೆಯದು, ರಾಯರ ಕಾಲದ್ದೇ. ಬಂಡೆ ಮೇಲಿಂದ ತೋಟದೊಳಗೆ ನಾಲ್ಕು ಹೆಜ್ಜೆ ಇಳಿದರೆ ಸಾಕು, ಸೆಕೆ ತಟ್ಟನೆ ಇಳಿಯುತ್ತದೆ.

ಮುಂದಿನ ಸಲ ಡಿಸೆಂಬರ್‌ನಲ್ಲಿ ಬನ್ನಿ. ಬೆಳಗಿನ ಜಾವ ಮಾತಂಗ ಬೆಟ್ಟ ಹತ್ತುವಾಗ ಸ್ವೆಟರ್ ಬೇಕಾಗುತ್ತದೆ. ಇಳಿಯುವಾಗ ಅದು ಸೊಂಟದಲ್ಲಿರುತ್ತದೆ.