ತೋಟದ ಮನೆಗೆ ಫಸ್ಟ್ ಏಡ್ ಡಬ್ಬಿ: ರೆಡಿಮೇಡ್ ಬೇಡ

ಸರ್, ಹೊಳಲ್ಕೆರೆ ಹತ್ರದ ಅಡಿಕೆ ತೋಟಕ್ಕೆ ರೆಡಿಮೇಡ್ ಕಿಟ್ ಸಾಕಾ ಅಂತ ಕೇಳಿದ್ದೀರಿ. ಅಗ್ಗದ ಕಿಟ್‌ನಲ್ಲಿ ಸಣ್ಣ ಪಟ್ಟಿಗಳೇ ಜಾಸ್ತಿ, ಕುಡುಗೋಲು ತಾಗಿದರೆ ಏನಕ್ಕೂ ಸಾಲಲ್ಲ. ಬಿಗಿ ಮುಚ್ಚಳದ ಡಬ್ಬಿಗೆ ನೀವೇ ಸ್ಟೆರೈಲ್ ಗಾಜ್ ಪ್ಯಾಡ್ (ಕ್ರಿಮಿ ಇಲ್ಲದ ತೆಳು ಬಟ್ಟೆಯ ಪ್ಯಾಡ್) 10, 4 ಇಂಚಿನ ರೋಲರ್ ಬ್ಯಾಂಡೇಜ್ 4, ಕ್ರೇಪ್ ಬ್ಯಾಂಡೇಜ್ (ಎಳೆದರೆ ಹಿಗ್ಗುವ ಪಟ್ಟಿ) 2, ಟೇಪು, ಕತ್ತರಿ, ಗ್ಲೌಸ್, ಪೊವಿಡೋನ್ ಅಯೋಡಿನ್ (ಗಾಯಕ್ಕೆ ಹಚ್ಚುವ ಕ್ರಿಮಿನಾಶಕ ಔಷಧಿ) ಹಾಕಿ. ಹತ್ತಿ ನೇರ ಗಾಯಕ್ಕೆ ಇಡಬೇಡಿ, ಎಳೆ ಅಂಟಿಕೊಳ್ಳುತ್ತೆ. ರಕ್ತ ಸುರಿತಿದ್ದರೆ ಪ್ಯಾಡ್ ಇಟ್ಟು 10 ನಿಮಿಷ ಒತ್ತಿ ಹಿಡೀರಿ. ನಡುವೆ ಎತ್ತಿ ನೋಡಿದರೆ ಹೆಪ್ಪು ಕಿತ್ತು ಮತ್ತೆ ಶುರು. ಹಾವು ಕಚ್ಚಿದರೆ ಹಗ್ಗ ಬಿಗಿಯೋದು, ಕೊಯ್ಯೋದು ಬೇಡ. ಕೈಕಾಲು ಅಲುಗದಂತೆ ಅಡಿಕೆ ದಬ್ಬೆ ಕೊಟ್ಟು ಸಡಿಲವಾಗಿ ಕಟ್ಟಿ (ದಬ್ಬೆ ಅಂದರೆ ಸೀಳಿದ ಅಡಿಕೆ ಮರದ ಪಟ್ಟಿ, ತೋಟದಲ್ಲೇ ಇರುತ್ತಲ್ಲ), 108ಕ್ಕೆ ಫೋನ್ ಮಾಡಿ. ಡಬ್ಬಿ ಬೈಕಿನಲ್ಲಿ ಇಡಬೇಡಿ, ಬಿಸಿಲಿಗೆ ಟೇಪಿನ ಅಂಟು ಹೋಗುತ್ತೆ.