ಸಂಪಾದಕರ ಉತ್ತರ: ಬೀಗದ ಕೈ ಯಾರ ಹತ್ತಿರ ಇದೆ, ಮೇಷ್ಟ್ರೇ?

ಗುಬ್ಬಿಯ ಹೈಸ್ಕೂಲ್ ಮೇಷ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಕೈಯಲ್ಲಿ 14 ಲಕ್ಷ ಉಳಿತಾಯ ಇದೆಯಂತೆ. ಬ್ಯಾಂಕ್ ಹರಾಜಿಗೆ ಬಂದ ಮನೆ ತಗೊಂಡು, ಸುಣ್ಣಬಣ್ಣ ಮಾಡಿಸಿ, ಬಾಡಿಗೆಗೆ ಬಿಡುವುದೋ ಮಾರುವುದೋ ಮಾಡಬೇಕೆಂದು ಆಸೆ. ತುಮಕೂರಿನ ಕ್ಯಾತ್ಸಂದ್ರದ ಹತ್ತಿರ 30-40 ಸೈಟಿನ ಮನೆಯೊಂದರ ಹರಾಜು ನೋಟಿಸನ್ನು ಪೇಪರಿನಿಂದ ಕತ್ತರಿಸಿ ಕಳಿಸಿದ್ದಾರೆ. ಮೀಸಲು ಬೆಲೆ, ಅಂದರೆ ಇದಕ್ಕಿಂತ ಕಡಿಮೆಗೆ ಬಿಡ್ ಹಾಕುವಂತಿಲ್ಲ ಎನ್ನುವ ಬೆಲೆ, 31 ಲಕ್ಷ. ಬ್ರೋಕರ್ ಪ್ರಕಾರ ಅದು 45 ಲಕ್ಷದ ಮನೆ. "ಬಿಡ್ ಹಾಕಲಾ? ಸೋತವರ ಮನೆ ನಮಗೆ ಬೇಡ ಅಂತ ನಮ್ಮಮ್ಮ ಹಟ ಮಾಡ್ತಿದ್ದಾರೆ" ಎನ್ನುವುದು ಅವರ ಪ್ರಶ್ನೆ. ಶಿರಾ ಕಡೆ ಅರ್ಜೆಂಟಿಗೆ ಮಾರುತ್ತಿರುವ ಎರಡು ಎಕರೆ ಜಮೀನಿನ ಬಗ್ಗೆಯೂ ಕೇಳಿದ್ದಾರೆ.

ಮೇಷ್ಟ್ರೇ, ನೋಟಿಸನ್ನು ಎರಡು ಸಲ ಓದಿದೆ. ಈ ಮನೆಗೆ ಬಿಡ್ ಹಾಕಬೇಡಿ. ಕೊನೆಯ ಸಾಲುಗಳಲ್ಲಿ, ಭೂತಗನ್ನಡಿ ಬೇಕಾಗುವಷ್ಟು ಚಿಕ್ಕ ಅಕ್ಷರದಲ್ಲಿ, 'ಸಾಂಕೇತಿಕ ಸ್ವಾಧೀನ' ಎಂದಿದೆ. ಅಂದರೆ ಬ್ಯಾಂಕಿನವರು ಬಾಗಿಲಿಗೆ ಕಾಗದ ಅಂಟಿಸಿದ್ದಾರೆ, ಪೇಪರಿನಲ್ಲಿ ಹಾಕಿಸಿದ್ದಾರೆ, ಅಷ್ಟೇ. ಬೀಗದ ಕೈ ಇನ್ನೂ ಒಳಗಿರುವವರ ಹತ್ತಿರವೇ ಇದೆ. ಬ್ರೋಕರ್ ಹೇಳಿದ ಆ 14 ಲಕ್ಷದ ವ್ಯತ್ಯಾಸ ಸುಮ್ನೆ ಹುಟ್ಟಿದ್ದಲ್ಲ. ಒಳಗಿರುವವರನ್ನು ಬಿಡಿಸುವ ಕೆಲಸಕ್ಕೆ ಬ್ಯಾಂಕ್ ನಿಮಗೆ ಕೊಡುತ್ತಿರುವ ಕೂಲಿ ಅದು.

ಈ ಹರಾಜುಗಳೆಲ್ಲ ನಡೆಯುವುದು 2002ರ ಸರ್ಫೇಸಿ ಕಾಯ್ದೆಯಡಿ. ಸಾಲದ ಕಂತು ನಿಂತು ಅದು ಎನ್‌ಪಿಎ (ವಸೂಲಾಗದ ಸಾಲ) ಆದ ಮೇಲೆ ಬ್ಯಾಂಕ್ 60 ದಿನದ ನೋಟಿಸ್ ಕೊಡುತ್ತದೆ. ಆಗಲೂ ಕಟ್ಟದಿದ್ದರೆ ಕೋರ್ಟಿಗೆ ಹೋಗದೆಯೇ ಸ್ವಾಧೀನಕ್ಕೆ ತಗೊಂಡು ಹರಾಜು ಹಾಕಬಹುದು. ಒಳಗಿರುವವರು ಬಿಡದಿದ್ದರೆ ಜಿಲ್ಲಾಧಿಕಾರಿಯ ಅಥವಾ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ತರಬೇಕು. ಸಾಲಗಾರ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ ತಡೆ ಕೇಳಬಹುದು. ಅಷ್ಟು ಹೊತ್ತಿಗೆ ನಿಮ್ಮ ಹಣ ಬ್ಯಾಂಕಿನಲ್ಲಿ, ನೀವು ಬಾಗಿಲಾಚೆ.

ನನ್ನ ಭಾವಮೈದುನನ ಕಥೆ ಹೇಳ್ತೀನಿ. ಶಿರಾ ಗೇಟ್ ಹತ್ತಿರ ಹೀಗೇ ಒಂದು ಮನೆ ಹಿಡಿದ. ಒಳಗಿದ್ದವರು ಮಾಲೀಕರಲ್ಲ, ಭೋಗ್ಯಕ್ಕೆ ಇದ್ದವರು. ಆರು ಲಕ್ಷ ಹಳೆಯ ಮಾಲೀಕನಿಗೆ ಕೊಟ್ಟಿದ್ದರು, ಆತ ಊರೇ ಬಿಟ್ಟಿದ್ದ. "ನಮ್ಮ ದುಡ್ಡು ಕೊಡಿ, ನಾಳೆನೇ ಖಾಲಿ ಮಾಡ್ತೀವಿ" ಅಂದರು. ಅವರದೇನು ತಪ್ಪು, ಹೇಳಿ? ಬ್ಯಾಂಕಿನವರನ್ನು ಕೇಳಿದರೆ 'ಇದ್ದಲ್ಲಿ ಇದ್ದಂತೆ' ಎಂಬ ಷರತ್ತು ತೋರಿಸಿದರು, ಅಂದರೆ ಆಸ್ತಿಯ ತೊಡಕೆಲ್ಲ ಕೊಂಡವರ ತಲೆಗೆ. ಹತ್ತೊಂಬತ್ತು ತಿಂಗಳು ಅಲೆದು, ಕೊನೆಗೆ ಕೈಯಿಂದ ಮೂರು ಲಕ್ಷ ಕೊಟ್ಟು ಬಿಡಿಸಿಕೊಂಡ. ಹಳೆಯ ಕಂದಾಯ, ಬೆಸ್ಕಾಂ ಬಾಕಿ ಬೇರೆ. ಈಗಲೂ ಅವನ ಮುಂದೆ ಹರಾಜು ಎನ್ನುವ ಹಾಗಿಲ್ಲ.

ಇನ್ನು ನಿಮ್ಮ 14 ಲಕ್ಷದ ಲೆಕ್ಕ. ಬಿಡ್ ಹಾಕಲು ಮುಂಗಡವಾಗಿ ಸಾಮಾನ್ಯವಾಗಿ ಮೀಸಲು ಬೆಲೆಯ 10% ಇಡಬೇಕು, ಅಂದರೆ 3 ಲಕ್ಷ 10 ಸಾವಿರ. 32 ಲಕ್ಷಕ್ಕೆ ಹರಾಜು ನಿಮ್ಮದಾಯಿತು ಎಂದುಕೊಳ್ಳಿ. ಅದೇ ದಿನ, ಹೆಚ್ಚೆಂದರೆ ಮಾರನೆಯ ಕೆಲಸದ ದಿನದೊಳಗೆ, ಮುಂಗಡವೂ ಸೇರಿ 25% ಕಟ್ಟಬೇಕು. ಅದು 8 ಲಕ್ಷ. ಉಳಿದ 24 ಲಕ್ಷಕ್ಕೆ ಮಾರಾಟ ಖಚಿತವಾದ ಮೇಲೆ 15 ದಿನ. ಬ್ಯಾಂಕ್ ಬರೆದು ಒಪ್ಪಿದರೆ ಮೂರು ತಿಂಗಳವರೆಗೆ ಎಳೆಯಬಹುದು. ನಿಮ್ಮ ಹತ್ತಿರ ಉಳಿಯುವುದು 6 ಲಕ್ಷ. ಮಿಕ್ಕಿದ್ದಕ್ಕೆ ಗೃಹಸಾಲ ಎಂದಿದ್ದೀರಿ. ಒಳಗೆ ಬೇರೆಯವರು ಕೂತಿರುವ ಮನೆಗೆ, ಅದೂ ಹದಿನೈದು ದಿನದಲ್ಲಿ, ಸಾಲ ಕೊಡುವ ಮ್ಯಾನೇಜರ್ ಸಿಗುವುದು ಕಷ್ಟ. ಕಟ್ಟಲಾಗದಿದ್ದರೆ ಆ 8 ಲಕ್ಷ ಹೋಯಿತು. ಪೂರ್ತಿ 25% ಮುಟ್ಟುಗೋಲು ಹಾಕಿಕೊಳ್ಳಬಹುದು ಎಂದು 2024ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ರಿಜಿಸ್ಟ್ರೇಷನ್ ಖರ್ಚನ್ನು ನೀವು ಬರೆದೇ ಇಲ್ಲ. ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2% ಆಗಿದೆ. ಎಲ್ಲ ಸೇರಿ ಎರಡೂವರೆ ಲಕ್ಷದ ಹತ್ತಿರ ಬರುತ್ತದೆ.

ಹಾಗಂತ ಆಸೆಯನ್ನೇ ಬಿಡಿ ಎನ್ನುತ್ತಿಲ್ಲ. ಸರ್ಕಾರಿ ಬ್ಯಾಂಕುಗಳ ಹರಾಜು ಆಸ್ತಿಗಳು ಬ್ಯಾಂಕ್‌ನೆಟ್ ಪೋರ್ಟಲ್‌ನಲ್ಲಿ ಸಿಗುತ್ತವೆ. 'ಭೌತಿಕ ಸ್ವಾಧೀನ' ಎಂದಿರುವುದನ್ನು, ಅಂದರೆ ಬೀಗದ ಕೈ ಬ್ಯಾಂಕಿನ ಹತ್ತಿರವೇ ಇರುವುದನ್ನು, ಮಾತ್ರ ನೋಡಿ. ಮೊದಲ ಸಲಕ್ಕೆ ನಿಮ್ಮ ಉಳಿತಾಯದಲ್ಲೇ ಮುಗಿಯುವ ಖಾಲಿ ಸೈಟೋ, ಚಿಕ್ಕ ಮಳಿಗೆಯೋ ಸಾಕು. 30 ವರ್ಷದ ಇಸಿ (ಆಸ್ತಿಯ ಮೇಲೆ ನೋಂದಣಿಯಾದ ಕ್ರಯ, ಅಡಮಾನಗಳ ಪಟ್ಟಿ) ತೆಗೆಸಿ. ಇ-ಖಾತಾ ಆಗಿದೆಯಾ, ರೆವಿನ್ಯೂ ಸೈಟಾ (ಪರಿವರ್ತನೆ ಇಲ್ಲದೆ ಕೃಷಿ ಜಮೀನಿನಲ್ಲಿ ಮಾಡಿದ್ದಾ), ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ (ಟೂಡಾ) ಒಪ್ಪಿದ ಲೇಔಟಾ ಕೇಳಿ. ಆಸ್ತಿ ತೋರಿಸುವ ದಿನ ಹೋದಾಗ ಬ್ಯಾಂಕ್ ಅಧಿಕಾರಿಗಿಂತ ಎದುರು ಮನೆಯವರ ಜತೆ ಜಾಸ್ತಿ ಮಾತಾಡಿ.

ಶಿರಾ ಜಮೀನನ್ನು ಮುಟ್ಟುವ ಮುಂಚೆ ಒಂದೇ ಮಾತು ಕೇಳಿ: ಇದು ಮಂಜೂರಾದ ಜಮೀನಾ? ಪರಿಶಿಷ್ಟ ಜಾತಿ, ಪಂಗಡದ ಕುಟುಂಬಕ್ಕೆ ಸರ್ಕಾರ ಕೊಟ್ಟ ಜಮೀನಾಗಿದ್ದು, ಅನುಮತಿ ಇಲ್ಲದೆ ಮಾರಿದ್ದರೆ, ಅಂಥ ಜಮೀನು ಪರಭಾರೆ ಆಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಬಂದ ಮೇಲೆ ತುಂಬಾ ವರ್ಷ ಆಯಿತು ಎಂಬ ನೆಪವನ್ನು ನಂಬಿ ಕೂರುವ ಹಾಗೂ ಇಲ್ಲ. ಇವತ್ತಿನ ಪಹಣಿ ಸಾಲದು, ಹಳೆಯ ಮ್ಯುಟೇಶನ್ (ಹೆಸರು ಬದಲಾದ ದಾಖಲೆ) ಮತ್ತು ಜಮೀನು ಮಂಜೂರಾದಾಗ ಕೊಟ್ಟ ಸಾಗುವಳಿ ಚೀಟಿಯವರೆಗೆ ಹಿಂದಕ್ಕೆ ಹೋಗಬೇಕು. ವಕೀಲರ ಫೀಸಿಗೆ ಇಲ್ಲಿ ಜಿಪುಣತನ ಬೇಡ.

ಅಮ್ಮನ ಮಾತಿಗೆ ಬರ್ತೀನಿ. ಅದನ್ನು ನಾನು ಮೂಢನಂಬಿಕೆ ಎನ್ನಲಾರೆ. ಹರಾಜಿಗೆ ಬರುವ ಮೊದಲೇ ಮಾಲೀಕರ ಹತ್ತಿರ ನೇರವಾಗಿ ಕೊಳ್ಳುವ ದಾರಿಯೊಂದಿದೆ. ಸಾಲದ ಬಾಕಿಯಷ್ಟನ್ನು ನೀವು ಬ್ಯಾಂಕಿಗೇ ಕಟ್ಟಿ ಪತ್ರ ಬಿಡಿಸಿಕೊಳ್ಳುತ್ತೀರಿ, ಮಿಕ್ಕಿದ್ದು ಮಾಲೀಕರ ಕೈಗೆ. ಅವರಿಗೆ ನಾಲ್ಕು ಕಾಸು ಉಳಿಯುತ್ತದೆ, ನಿಮಗೆ ಬೀಗದ ಕೈ ಅವರ ಕೈಯಿಂದಲೇ ಬರುತ್ತದೆ. ಬೆಲೆ ಹರಾಜಿನಷ್ಟು ಇಳಿಯದು, ನಿಜ. ನನಗಂತೂ ಈ ದಾರಿಯೇ ಇಷ್ಟ. ಆದರೆ 60 ದಿನದ ನೋಟಿಸ್ ತಲುಪಿದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಮಾಲೀಕರು ಮಾರುವ ಹಾಗಿಲ್ಲ. ಆ ಕಾಗದ ನೋಡದೆ ಒಂದು ರೂಪಾಯಿ ಅಡ್ವಾನ್ಸ್ ಕೊಡಬೇಡಿ.

ಕ್ಯಾತ್ಸಂದ್ರದ ಮನೆಗೆ ಆ ಕಾಲ ಮೀರಿದೆ, ಹರಾಜು ನೋಟಿಸ್ ಪ್ರಕಟವಾಗಿಬಿಟ್ಟಿದೆ. ಕತ್ತರಿಸಿದ ಪೇಪರನ್ನು ಅಂಚೆಯಲ್ಲಿ ವಾಪಸ್ ಕಳಿಸಿದ್ದೀನಿ, ಆ ಚಿಕ್ಕ ಸಾಲಿಗೆ ಕೆಂಪು ಗೆರೆ ಎಳೆದಿದ್ದೀನಿ. ಮುಂದಿನ ಸಲ ಕಳಿಸುವಾಗ ಇಸಿ ಜತೆಗಿರಲಿ.